ಮೂವತ್ತೊಂಬತ್ತನೆಯ ದಿನ

ನಮ್ಮ ಊರಿನಲ್ಲಿ ಬೋರ್ಡು ಬರೆಯುವ ಪೇಂಟರುಗಳಿಗೆ ಕೆಲಸವಿಲ್ಲ. ಇರುವ ಇಬ್ಬರು ಎತ್ತಿನ ಕೋಡಿಗೆ, ಲಾರಿಯ ಹಿಂಭಾಗಕ್ಕೆ, ಮದುವೆ ಮನೆಯ ಗೋಡೆಗೆ ಬಣ್ಣ ಹಚ್ಚಿ ಹೊಟ್ಟೆ ಹೊರೆಯುತ್ತಾರೆ. ಅಂಗಡಿಯ ಬೋರ್ಡುಗಳು ತಮ್ಮ ಹೆಸರನ್ನು ತಾವೇ ಬರೆದುಕೊಳ್ಳುತ್ತವೆ. ಯಾವ ಅಂಗಡಿಯಲ್ಲಿ ಯಾರು ಒಂದು ದಿನವೂ ತಪ್ಪದೆ ನಲವತ್ತು ದಿನ ಕೈಯಾರೆ ದುಡಿಯುತ್ತಾರೋ, ನಲವತ್ತೊಂದನೆಯ ಬೆಳಗ್ಗೆ ಬೋರ್ಡಿನ ಮೇಲೆ ಅವರ ಹೆಸರು ಇರುತ್ತದೆ. ಹೆಸರು ಯಾರದೋ ಅಂಗಡಿ ಅವರದು. ಇದಕ್ಕಾಗಿ ಯಾರೂ ಕೋರ್ಟಿಗೆ ಹೋಗುವುದಿಲ್ಲ, ಏಕೆಂದರೆ ಕೋರ್ಟಿನ ಬೋರ್ಡಿನ ಮೇಲೆಯೇ ಮೂರು ವರ್ಷದಿಂದ ಅಲ್ಲಿ ನೀರು ತುಂಬುವ ಬಾಳವ್ವನ ಹೆಸರಿದೆ. ತೀರ್ಪುಗಳನ್ನು ಅವಳು ಚೆನ್ನಾಗಿಯೇ ಕೊಡುತ್ತಾಳೆ ಎಂದು ಹೋಗಿ ಬಂದವರು ಹೇಳುತ್ತಾರೆ.

ಹೀಗಿರುವುದರಿಂದ ಕಾಯಂ ಆಳು ಎಂಬ ಮಾತನ್ನು ನಮ್ಮ ಕಡೆ ಮಕ್ಕಳ ಮುಂದೆ ಆಡುವುದಿಲ್ಲ. ಸೈಕಲ್ ಅಂಗಡಿಯ ಈರಸಂಗಪ್ಪ ಅತ್ತೆಯ ಕಾಲು ಮುರಿದಿದೆ ಎಂದು ಒಂದೂವರೆ ತಿಂಗಳು ಹೆಂಡತಿಯ ಊರಿಗೆ ಹೋಗಿದ್ದ. ಅತ್ತೆ ಎದ್ದು ಓಡಾಡಿದಳು, ಅಂಗಡಿ ಮಾತ್ರ ಆಳಿನ ಹೆಸರಿಗೆ ಹೋಯಿತು. ಈಗ ಅವನು ತನ್ನ ಸೈಕಲ್ಲಿಗೆ ಗಾಳಿ ಹೊಡೆಸಲು ಅದೇ ಅಂಗಡಿಯ ಮುಂದೆ ಸರದಿಯಲ್ಲಿ ನಿಲ್ಲುತ್ತಾನೆ. ನನ್ನ ಹಿಟ್ಟಿನ ಗಿರಣಿಯ ಕಥೆಯೂ ಒಳ್ಳೆಯದೇನಲ್ಲ. ನಮ್ಮಪ್ಪ ಅಲ್ಲಿ ಆಳಾಗಿ ಸೇರಿದವನು. ಮೊದಲಿನ ಯಜಮಾನ ತೀರ್ಥಯಾತ್ರೆಗೆ ಹೋಗಿ ಪುಣ್ಯ ಕಟ್ಟಿಕೊಂಡು ಬರುವಷ್ಟರಲ್ಲಿ ಬೋರ್ಡಿನ ಮೇಲೆ ಅಪ್ಪನ ಹೆಸರು ಬಂದಿತ್ತು. ಅದಕ್ಕೇ ಅಪ್ಪ ಸಾಯುವಾಗ ನನ್ನ ಕೈ ಹಿಡಿದು ಹೇಳಿದ್ದು ಒಂದೇ ಮಾತು, ಯಾರನ್ನೂ ನಲವತ್ತು ದಿನ ಇಟ್ಟುಕೊಳ್ಳಬೇಡ ಎಂದು. ಆಮೇಲೆ ನಾನು ಮೈಮುರಿದು ದುಡಿದೆ, 'ಅಡಿವೆಪ್ಪನ ಹಿಟ್ಟಿನ ಗಿರಣಿ' ಎಂದು ಬೋರ್ಡಾಯಿತು, ಆ ದಿನವೇ ಒಂದು ಕುರ್ಚಿ ತರಿಸಿದೆ. ನಡುನೋವು ಎಂದು ಎಲ್ಲರಿಗೂ ಹೇಳಿದೆ. ಕುರ್ಚಿಯಲ್ಲಿ ಕೂತು ಕೈ ತೋರಿಸುವುದನ್ನು ಬೋರ್ಡು ಎಣಿಸುವುದಿಲ್ಲ, ಆದರೆ ಬೇರೆ ಯಾರೂ ನಲವತ್ತು ಮುಟ್ಟುವ ತನಕ ಇದ್ದ ಹೆಸರನ್ನು ಅದು ಅಳಿಸುವುದೂ ಇಲ್ಲ. ಅಷ್ಟು ಸಾಕಾಗಿತ್ತು ನನಗೆ.

ನನ್ನಂಥವರ ಸಲುವಾಗಿಯೇ ಬಸ್ ನಿಲ್ದಾಣದ ಹಿಂದೆ ಫಕೀರಪ್ಪನ ಹಂಗಾಮಿ ಮಂದಿ ಪೂರೈಕೆ ಕೇಂದ್ರ ಇರುವುದು. ಅಲ್ಲೊಂದು ಉದ್ದನೆಯ ಬೆಂಚು. ಕೆಲಸ ಬೇಕಾದವರು ಬಂದ ಸರದಿಯಂತೆ ಅದರ ಮೇಲೆ ಕೂರುತ್ತಾರೆ. ಆಳು ಬೇಕೆಂದು ಯಾವ ಅಂಗಡಿಯವರು ಬಂದರೂ ಬೆಂಚಿನ ತುದಿಯಲ್ಲಿ ಇರುವವರು ಎದ್ದು ಹೋಗಬೇಕು. ಇವರು ಬೇಡ, ಅವರು ಬೇಕು ಎನ್ನುವ ಹಾಗಿಲ್ಲ. ಆರಿಸಿಕೊಂಡರೆ ಪ್ರೀತಿ ಹುಟ್ಟುತ್ತದೆ, ಪ್ರೀತಿ ಹುಟ್ಟಿದರೆ ನಲವತ್ತು ದಿನ ಆಗುತ್ತದೆ ಎಂಬುದು ಫಕೀರಪ್ಪನ ವಾದ. ಮೊದಲ ದಿನ 'ನೋಡೋ ದಿನ'. ಅದು ಅವನ ಪುಸ್ತಕಕ್ಕೆ ಸೇರುವುದಿಲ್ಲ. ಮೂವತ್ತೈದನೆಯ ದಿನ ಅವನು ಸೈಕಲ್ ಗಂಟೆ ಬಾರಿಸುತ್ತ ಬಂದು ಹೊಸಬನನ್ನು ಇಳಿಸಿ ಹಳಬನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತಾನೆ. ಅವನ ಕೇಂದ್ರದ ಬೋರ್ಡು ಮಾತ್ರ ಖಾಲಿ. ಅಲ್ಲಿ ಕೈಯಾರೆ ದುಡಿದವರು ಇದುವರೆಗೆ ಯಾರೂ ಇಲ್ಲ.

ಬೆಂಚಿನಿಂದ ನನ್ನ ಪಾಲಿಗೆ ಬಂದವರನ್ನು ನೆನೆದರೆ ಈಗಲೂ ಸೀನು ಬರುತ್ತದೆ. ಒಬ್ಬ ಮೊದಲು ಬಸ್ ಕಂಡಕ್ಟರ್ ಆಗಿದ್ದವನು, ಕಾಳು ಸುರಿಯುವ ಬಾಯಿ ತುಂಬಿ ತುಳುಕುವ ತನಕ ಗಿರಣಿ ಬಿಡುತ್ತಿರಲಿಲ್ಲ. ಒಂದೇ ಡಬ್ಬಿ ತಂದವರು ಮಧ್ಯಾಹ್ನದವರೆಗೆ ಕಾಯಬೇಕಿತ್ತು. ಇನ್ನೊಬ್ಬ ಔಷಧದ ಅಂಗಡಿಯಿಂದ ಬಂದವನು. ಅವನು ಐದು ಸೇರು ಜೋಳವನ್ನು ಮೂರು ಪಾಲು ಮಾಡಿ ಬೆಳಗ್ಗೆ ಒಂದಿಷ್ಟು, ಮಧ್ಯಾಹ್ನ ಒಂದಿಷ್ಟು, ಊಟವಾದ ಮೇಲೆ ಒಂದಿಷ್ಟು ಬೀಸುತ್ತಿದ್ದ. ಮತ್ತೊಬ್ಬನಿಗೆ ಸದ್ದೆಂದರೆ ಆಗದು, ಯಂತ್ರ ಚಾಲೂ ಮಾಡಿ ಹೊರಗೆ ಓಡಿ ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದ. ಇವರಿಗೆಲ್ಲ ಕಲಿಸಿ, ಕೈ ಕೂಡುವ ಹೊತ್ತಿಗೆ ಫಕೀರಪ್ಪನ ಗಂಟೆ ಕೇಳಿಸುತ್ತಿತ್ತು. ಮತ್ತೆ ಹೊಸಬ, ಮತ್ತೆ ಅ ಆ ಇ ಈ.

ನಮ್ಮಲ್ಲಿರುವುದು ಒಂದೇ ಕಲ್ಲು. ಮೆಣಸಿನಕಾಯಿ ಬೀಸಿದ ಮೇಲೆ ಎರಡು ಸೇರು ಹಾಳು ಜೋಳ ಹಾಕಿ ಕಲ್ಲು ತೊಳೆಯದೆ ಬೇರೆ ಕಾಳು ಮುಟ್ಟಬಾರದು. ಕುಸ್ತಿ ಆಡಿ ಬಿಟ್ಟ ಒಬ್ಬ ಪೈಲ್ವಾನ ಇದನ್ನು ಮರೆತು ಖಾರದ ಬೆನ್ನಿಗೇ ಒಂದು ಮದುವೆ ಮನೆಯ ಗೋಧಿ ಸುರಿದ. ಆ ಹಿಟ್ಟಿನಲ್ಲಿ ಹೋಳಿಗೆ ಆದವು. ಹೆಣ್ಣು ಒಪ್ಪಿಸುವ ಹೊತ್ತಿಗೆ ಸರಿಯಾಗಿ ಪಂಕ್ತಿ ಎದ್ದಿತ್ತು. ಹೆಣ್ಣಿನ ಕಡೆಯವರು ಕಣ್ಣೀರು ಹಾಕಿದ್ದು ಸಹಜ, ಅವತ್ತು ಗಂಡಿನ ಕಡೆಯವರೂ ಹಾಕಿದರು, ಅಡಿಗೆಯವನೂ ಹಾಕಿದ. ಇಂಥ ಮನಸ್ಸಿನ ಬೀಗರು ಸಿಗುವುದು ಅಪರೂಪ ಎಂದು ಹೆಣ್ಣಿನ ತಂದೆ ಎಲ್ಲರಿಗೂ ಕೈ ಮುಗಿದನಂತೆ. ನಿಜ ತಿಳಿದದ್ದು ಮರುದಿನ. ಅಂದಿನಿಂದ ಆ ಓಣಿಯ ಡಬ್ಬಿಗಳೆಲ್ಲ ಕೆಳಗಿನ ಪೇಟೆಯ ಗಿರಣಿಗೆ ಹೋದವು.

ಒಂದು ಓಣಿ ಹೋದರೆ ಇನ್ನೊಂದು ಹೋಗಲು ಎಷ್ಟು ಹೊತ್ತು? ಮುಂಜಾನೆ ಬಾಗಿಲ ಮುಂದೆ ಹದಿನೈದು ಇಪ್ಪತ್ತು ಡಬ್ಬಿ ಸಾಲಾಗಿ ಕೂರುತ್ತಿದ್ದ ಕಟ್ಟೆಯ ಮೇಲೆ ಈಗ ಒಂದು ನಾಯಿ ಕಾಲು ಚಾಚಿ ಮಲಗುತ್ತಿತ್ತು. ಹೆಸರು ನನ್ನದೇ ಇತ್ತು, ಬೀಸಲು ಕಾಳು ಇರಲಿಲ್ಲ. ಹೀಗೇ ಎರಡು ತಿಂಗಳು ನಡೆದರೆ ಗಿರಣಿಗೆ ಬೀಗ ಹಾಕಿ ಬೋರ್ಡನ್ನು ಮನೆಯ ಹಿತ್ತಿಲಲ್ಲಿ ಕೋಳಿ ಗೂಡಿಗೆ ಮುಚ್ಚಳ ಮಾಡಬೇಕಾಗುತ್ತದೆ ಎಂದು ನನಗೆ ದಿಗಿಲು ಹುಟ್ಟಿತು. ನನ್ನ ಹೆಂಡತಿ ನೀಲವ್ವ ಆಗೀಗ ಬಂದು ಹೊಸಬರ ತಪ್ಪು ತಿದ್ದಿ ಹೋಗುತ್ತಿದ್ದಳು, ಆದರೆ ಪ್ರತಿ ಅಮಾವಾಸ್ಯೆಗೆ ಎರಡು ದಿನ ತವರಿಗೆ ಹೋಗುವುದು ಅವಳ ರೂಢಿ. ಅವಳು ಅತ್ತ ಹೋದಾಗಲೇ ಇತ್ತ ಯಾರದೋ ರವೆ ಹಿಟ್ಟಾಗಿರುತ್ತಿತ್ತು.

ಹಾಗಿರುವಾಗ ಒಂದು ದಿನ ಫಕೀರಪ್ಪನ ಸೈಕಲ್ಲಿನಿಂದ ದ್ಯಾಮವ್ವ ಇಳಿದಳು. ಐವತ್ತರ ಹೆಂಗಸು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಮಾತು ಕಡಿಮೆ. ನೋಡೋ ದಿನ ಎಂದು ಎಲ್ಲರೂ ಸುಮ್ಮನೆ ಕೂತು ನೋಡುತ್ತಾರೆ. ಇವಳು ಒಳಗೆ ಬಂದವಳೇ ತಿರುಗುತ್ತಿದ್ದ ಯಂತ್ರದ ಮೇಲೆ ಅಂಗೈ ಇಟ್ಟು, ಮಗುವಿನ ಜ್ವರ ನೋಡುವವಳ ಹಾಗೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಯಂತ್ರ ನಿಲ್ಲಿಸಿ, ಕಲ್ಲು ನುಣುಪಾಗಿದೆ, ಕಾಳು ಒಡೆಯುತ್ತಿಲ್ಲ, ಜಾರುತ್ತಿದೆ, ಒಂದು ಉಳಿ ಕೊಡಿರಿ ಎಂದಳು. ಮೇಲಿನ ಕಲ್ಲು ಇಳಿಸಲು ಜೊತೆಗೊಂದು ಕೈ ಬೇಕಾಯಿತು. ನಾನು ನಡು ಹಿಡಿದುಕೊಂಡೆ, ನೀಲವ್ವ ಬಂದು ಕೈ ಹಾಕಿದಳು. ಸಂಜೆಯವರೆಗೆ ಇಬ್ಬರೂ ಕೂತು ಕಲ್ಲಿಗೆ ಉಳಿ ಹೊಡೆದರು. ಮರುದಿನ ಬಿದ್ದ ಜೋಳದ ಹಿಟ್ಟನ್ನು ಮುಟ್ಟಿ ನೋಡಿ ನನಗೆ ನಮ್ಮಪ್ಪನ ನೆನಪು ಬಂತು.

ಆಮೇಲೆ ಏನು ಕೇಳುತ್ತೀರಿ. ಹದಿನೈದು ದಿನದಲ್ಲಿ ನಾಯಿ ಬೇರೆ ಕಟ್ಟೆ ಹುಡುಕಿಕೊಂಡಿತು. ದ್ಯಾಮವ್ವ ಸದ್ದು ಕೇಳಿಯೇ ಕಲ್ಲಿನ ನಡುವೆ ಇರುವುದು ಸಜ್ಜೆಯೋ ಜೋಳವೋ ಹೇಳುತ್ತಿದ್ದಳು. ಯಾರ ಮನೆಯವರಿಗೆ ರೊಟ್ಟಿಗೆ ಎಷ್ಟು ಸಣ್ಣ ಬೇಕು, ಯಾವ ಮುದುಕನಿಗೆ ಹಲ್ಲಿಲ್ಲ, ಯಾವ ಬಾಣಂತಿಗೆ ನುಚ್ಚು ಎಷ್ಟು ದಪ್ಪ ಇರಬೇಕು, ಎಲ್ಲ ಅವಳಿಗೆ ಗೊತ್ತು. ಮದುವೆ ಮನೆಯ ಓಣಿಯವರೂ ಮುಖ ಬಿಗಿದುಕೊಂಡೇ ಡಬ್ಬಿ ತಂದರು. ನೀಲವ್ವನಿಗಂತೂ ಅವಳ ಜೊತೆ ಎಷ್ಟು ಹಿಡಿಸಿತೆಂದರೆ, ಮನೆಯ ಕೆಲಸ ಮುಗಿಸಿ ದಿನಾ ಬಂದು ಕಾಳು ಹಸನು ಮಾಡುವುದು, ಹಿಟ್ಟು ಜರಡಿ ಹಿಡಿಯುವುದು, ಡಬ್ಬಿ ತುಂಬುವುದು ಮಾಡುತ್ತಿದ್ದಳು. ಆ ಸದ್ದಿನಲ್ಲಿ ಇಬ್ಬರೂ ಒಬ್ಬರ ಕಿವಿಯಲ್ಲಿ ಒಬ್ಬರು ಕೂಗಿ ಮಾತಾಡಿ ನಗುವುದನ್ನು ನೋಡಲು ನನಗೂ ಚೆಂದ ಅನ್ನಿಸುತ್ತಿತ್ತು. ಅಮಾವಾಸ್ಯೆ ಬಂದು ಹೋಯಿತು, ಅವಳು ತವರಿಗೆ ಹೋಗಲಿಲ್ಲ. ಈಗ ನಿನಗೆ ಸಂಸಾರದ ಮೇಲೆ ಮನಸ್ಸು ಬಂತು ನೋಡು ಎಂದು ನಾನೇ ಕುರ್ಚಿಯಲ್ಲಿ ಕೂತು ಅವಳನ್ನು ಹೊಗಳಿದೆ.

ಆದರೆ ಬಾಗಿಲ ಹಿಂದೆ ನಾನು ಸುಣ್ಣದ ಕಡ್ಡಿಯಿಂದ ದಿನಕ್ಕೊಂದು ಗೆರೆ ಎಳೆಯುತ್ತಿದ್ದೆ. ಇಪ್ಪತ್ತೈದು ದಾಟಿದ ಮೇಲೆ ಪ್ರತಿ ಗೆರೆ ಎಳೆದ ಮೇಲೂ ಮೊದಲಿನಿಂದ ಎರಡೆರಡು ಸಲ ಎಣಿಸುತ್ತಿದ್ದೆ. ದ್ಯಾಮವ್ವ ಹೋದರೆ ಗಿರಣಿ ಮುಳುಗುತ್ತದೆ, ಇದ್ದರೆ ಹೆಸರು ಮುಳುಗುತ್ತದೆ. ಮೂವತ್ತು ದಾಟಿದಾಗ ತಡೆಯಲಾರದೆ ಫಕೀರಪ್ಪನ ಬಳಿ ಹೋದೆ. ನನ್ನ ಯೋಚನೆ ಇಷ್ಟೇ. ಅವಳು ಮೂವತ್ತೊಂಬತ್ತು ದಿನ ಇರಲಿ. ನಲವತ್ತನೆಯ ದಿನ ಒಂದೇ ಒಂದು ದಿನ ರಜೆ ಕೊಡುತ್ತೇನೆ. ಮರುದಿನ ಮತ್ತೆ ಒಂದರಿಂದ ಎಣಿಕೆ. ಹೀಗೆ ಸಾಯುವ ತನಕ ನಡೆಸಬಹುದು.

ಫಕೀರಪ್ಪ ಕಿವಿಯಲ್ಲಿ ಕಡ್ಡಿ ಆಡಿಸುತ್ತ ಕೇಳಿದ. ಬೋರ್ಡಿಗೆ ಕಣ್ಣಿಲ್ಲ ಅಂತ ತಿಳಕೊಂಡೀರೇನು ಅಡಿವೆಪ್ಪಣ್ಣ, ಇವೆಲ್ಲ ಬ್ಯಾಡ್ರಿ ಎಂದ. ಅವನ ಮನೆಯ ಜೋಳವನ್ನು ಇನ್ನು ಮೇಲೆ ಸರದಿ ಬಿಟ್ಟು ಮೊದಲು ಬೀಸಿಕೊಡುತ್ತೇನೆ ಎಂದ ಮೇಲೆ ಅವನ ತಕರಾರು ಸ್ವಲ್ಪ ಸಡಿಲವಾಯಿತು. ಏನಾದರೂ ಹೆಚ್ಚು ಕಡಿಮೆ ಆದರೆ ಬೆಂಚಿನ ಮೇಲೆ ಜಾಗ ಇದೆ ಎಂದು ಮಾತ್ರ ಹೇಳಿದ. ನಾನು ಜಾಣ, ಅವನ ಪುಸ್ತಕವನ್ನು ನಂಬಲಿಲ್ಲ. ಅವನು ನೋಡೋ ದಿನ ಹಿಡಿಯುವುದಿಲ್ಲ, ಅವತ್ತೂ ಅವಳು ಉಳಿ ಹಿಡಿದಿದ್ದಳಲ್ಲ. ಅವನ ಪುಸ್ತಕದಲ್ಲಿ ಮೂವತ್ತೆಂಟು ಆದಾಗ ನನ್ನ ಬಾಗಿಲ ಹಿಂದೆ ಮೂವತ್ತೊಂಬತ್ತು ಗೆರೆ ಇದ್ದವು. ಇಷ್ಟು ಚೊಕ್ಕವಾಗಿ ಎಣಿಸುವ ಯಜಮಾನ ಈ ಊರಿನಲ್ಲಿ ಇನ್ನೊಬ್ಬನಿಲ್ಲ ಎಂದು ನನಗೆ ನನ್ನ ಮೇಲೆಯೇ ಅಭಿಮಾನ ಉಕ್ಕಿತು.

ಅವತ್ತು ಸಂಜೆ ಯಂತ್ರ ನಿಂತ ಮೇಲೆ ದ್ಯಾಮವ್ವ ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಳ್ಳುತ್ತಿದ್ದಳು. ನಾನು ಕುರ್ಚಿಯಿಂದ ಎದ್ದು ನಿಂತೆ.

"ದ್ಯಾಮವ್ವ, ನಾಳಿ ಬರಬ್ಯಾಡ. ನಿನ್ನ ತಂಗಿ ಮನಿಗೆ ಹೋಗಿ ಬಾ. ನಾಡದು ಬಂದ್ರ ಸಾಕು."

ಅವಳು ಸೆರಗನ್ನು ಅಲ್ಲಿಗೇ ನಿಲ್ಲಿಸಿದಳು. "ನಾ ಏನ್ ತಪ್ಪು ಮಾಡೀನ್ರಿ, ಅಣ್ಣಾರ?"

"ಏನೂ ತಪ್ಪಿಲ್ಲ. ಛಲೋ ಮಾಡೀದಿ. ಅದಕ್ಕ."

ಅವಳು ನನ್ನನ್ನು ನೋಡಿದಳು, ಬಾಗಿಲ ಹಿಂದಿನ ಗೆರೆಗಳನ್ನು ನೋಡಿದಳು. ಈ ಊರಿನಲ್ಲಿ ಹುಟ್ಟಿದವರಿಗೆ ಆ ಗೆರೆಗಳ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ತಂಗಿಗೆ ಕೊಡು ಎಂದು ಎರಡು ಸೇರು ಗೋಧಿ ಹಿಟ್ಟು ಕಟ್ಟಿಕೊಟ್ಟೆ. ತೆಗೆದುಕೊಂಡು ಹೋದಳು. ನೀಲವ್ವ ಜರಡಿಯನ್ನು ಗೋಡೆಗೆ ಬಡಿದು ಬಡಿದು ಕೊಡವಿದಳು. ಅಷ್ಟು ಜೋರಾಗಿ ಬಡಿಯುವಂಥ ಹಿಟ್ಟು ಅದಕ್ಕೆ ಮೆತ್ತಿರಲಿಲ್ಲ. ನನಗೆ ಒಳಗೆ ಒಂಥರ ಚುರ್ ಎಂದಿತು, ಸುಳ್ಳು ಯಾಕೆ ಹೇಳಲಿ. ಆದರೆ ಹೆಸರು ಉಳಿಯಿತಲ್ಲ ಎಂಬ ಸಮಾಧಾನ ಅದಕ್ಕಿಂತ ದೊಡ್ಡದಿತ್ತು.

ಮರುದಿನ ಗಿರಣಿ ನಡೆಸುವವರು ಯಾರು? ನಾನೇ ನಡೆಸುತ್ತೇನೆ ಎಂದು ತೋಳೇರಿಸಿ ನಿಂತೆ. ಎರಡನೆಯ ಡಬ್ಬಿ ಎತ್ತುವಾಗ ಇಷ್ಟು ವರ್ಷ ಹೇಳಿಕೊಂಡು ತಿರುಗುತ್ತಿದ್ದ ನಡುನೋವು ನಿಜವಾಗಿ ಬಂದುಬಿಟ್ಟಿತು. ಕುರ್ಚಿಗೆ ಬಿದ್ದು, ಇವತ್ತೊಂದು ದಿನ ನೀನೇ ನೋಡಿಕೋ ಮಾರಾಯ್ತಿ ಎಂದು ನೀಲವ್ವನಿಗೆ ಕೈ ಮುಗಿದೆ. ಅವಳು ನಾನು ಬಿಟ್ಟ ಡಬ್ಬಿ ಎತ್ತಿಕೊಂಡಳು. ಇಪ್ಪತ್ತಮೂರು ಡಬ್ಬಿಗಳನ್ನು ಒಬ್ಬಳೇ ಬೀಸಿದಳು. ಒಂದರ ಕಾಳು ಒಂದಕ್ಕೆ ಹೋಗಲಿಲ್ಲ, ಒಂದು ರವೆ ಹಿಟ್ಟಾಗಲಿಲ್ಲ. ಇವಳಿಗೆ ಇದೆಲ್ಲ ಯಾವಾಗ ಬಂತು ಎಂದು ಬೆರಗಾದೆನೇ ಹೊರತು ಮುಂದೆ ಯೋಚಿಸಲಿಲ್ಲ. ಯೋಚಿಸುವ ಅಭ್ಯಾಸ ಇದ್ದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಅದರ ಮರು ಮುಂಜಾನೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ನನ್ನ ಜಾಣತನವನ್ನು ಬೋರ್ಡಿನ ಮೇಲೆ ಓದಲು ಗಿರಣಿಗೆ ಹೋದೆ. ಕಟ್ಟೆಯ ಸುತ್ತ ಹತ್ತು ಹನ್ನೆರಡು ಮಂದಿ ಡಬ್ಬಿ ಹಿಡಿದು ಮೇಲೆ ನೋಡುತ್ತಿದ್ದರು. ನನ್ನನ್ನು ಕಂಡು ದಾರಿ ಬಿಟ್ಟರು, ಸತ್ತವರ ಮನೆಗೆ ಬಂದ ನೆಂಟನಿಗೆ ದಾರಿ ಬಿಡುವ ಹಾಗೆ. ಬೋರ್ಡಿನ ಮೇಲೆ ದುಂಡು ದುಂಡಾಗಿ 'ನೀಲವ್ವನ ಹಿಟ್ಟಿನ ಗಿರಣಿ' ಎಂದು ಇತ್ತು. ಅಕ್ಷರಗಳು ಇನ್ನೂ ಹಸಿಯಾಗಿದ್ದವು. ನಾನು ಬಾಗಿಲ ಹಿಂದೆ ಓಡಿ ಗೆರೆಗಳನ್ನು ಮತ್ತೆ ಎಣಿಸಿದೆ. ಮೂವತ್ತೊಂಬತ್ತೇ ಇದ್ದವು. ಎಣಿಕೆ ತಪ್ಪಿರಲಿಲ್ಲ. ಕಲ್ಲು ಇಳಿಸಲು ಕೈ ಹಾಕಿದ ದಿನದಿಂದ ನನ್ನ ಹೆಂಡತಿ ಕೂಡ ಒಂದು ದಿನ ಬಿಡದೆ ಇಲ್ಲಿ ದುಡಿದಿದ್ದಳು, ಅವಳಿಗೆ ಗೆರೆ ಎಳೆಯಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಹೆಂಡತಿ ಮಾಡುವುದು ಕೆಲಸ ಎಂದು ಬೋರ್ಡಿಗೆ ಯಾರು ಹೇಳಿಕೊಟ್ಟರೋ.

ನೀಲವ್ವ ಬಂದಳು, ತಲೆ ಎತ್ತಿ ಬೋರ್ಡು ಓದಿದಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳ ಮುಖದ ಮೇಲೆ ಅಂಥ ಬೆಳಕನ್ನು ನಾನು ಎರಡೇ ಸಲ ನೋಡಿದ್ದೆ. ಆಮೇಲೆ ಅವಳು ಏನೂ ಆಗದವಳ ಹಾಗೆ ಸೆರಗು ಸಿಕ್ಕಿಸಿ ಯಂತ್ರ ಚಾಲೂ ಮಾಡಿದಳು. ದ್ಯಾಮವ್ವ ತಂಗಿಯ ಮನೆಯಿಂದ ಬಂದು ಬೋರ್ಡು ನೋಡಿದವಳೇ ಬುತ್ತಿಯ ಡಬ್ಬಿ ಕೆಳಗಿಟ್ಟು ನಕ್ಕಳು. ನಾನು ಕುರ್ಚಿಯ ಕಡೆ ಹೊರಟಿದ್ದೆ. ಅದರ ಮೇಲೆ ಜೋಳದ ಚೀಲ ಇಟ್ಟಾಗಿತ್ತು. ಕೂಡಾಕಂತ ಇಲ್ಲಿ ಆಳು ಬೇಕಾಗಿಲ್ರಿ ಎಂದು ನೀಲವ್ವ ಸದ್ದಿನ ನಡುವೆ ನನ್ನ ಕಿವಿಯಲ್ಲಿ ಕೂಗಿದಳು.

ಮನೆಯಲ್ಲಿ ಊಟಕ್ಕೇನೂ ಕೊರತೆ ಮಾಡಲಿಲ್ಲ, ಅದು ಬೇರೆ ಮಾತು. ಆದರೆ ಹಗಲೆಲ್ಲ ಮನೆಯ ಗೋಡೆ ನೋಡಿಕೊಂಡು ಕೂರುವುದು ಎಷ್ಟು ದಿನ? ಬೋರ್ಡು ಕಳೆದುಕೊಂಡವರು ಬೆಂಚಿಗೆ ಹೋಗುವುದು ನಮ್ಮಲ್ಲಿ ರೂಢಿ. ಫಕೀರಪ್ಪ ನನ್ನನ್ನು ಕಂಡು ಬೆಂಚಿನ ಕೊನೆಯನ್ನು ತನ್ನ ಟವೆಲಿನಿಂದ ಒರೆಸಿದ. ನಾಲ್ಕು ದಿನಕ್ಕೆ ನನ್ನ ಸರದಿ ಬಂತು, ಬಳೆ ಅಂಗಡಿಗೆ ಹೋದೆ. ಮೊದಲ ವಾರ ಆರು ಡಜನ್ ಒಡೆದೆ. ಎರಡನೆಯ ವಾರ ಮೂರು. ಕೊನೆಗೆ ಯಾವ ಬಣ್ಣ ಯಾವ ಸಾಲಿನಲ್ಲಿ ಇದೆ ಎಂದು ಕಣ್ಣು ಮುಚ್ಚಿ ತೆಗೆಯುವಷ್ಟಾದೆ. ಅಂಗಡಿಯವನ ಚಿಕ್ಕ ಮಗಳು ನನ್ನನ್ನು ಕಾಕಾ ಎನ್ನುತ್ತಿದ್ದಳು, ತನ್ನ ಪಾಲಿನ ಚಹಾದಲ್ಲಿ ಅರ್ಧ ನನಗೆ ಬಸಿಯುತ್ತಿದ್ದಳು. ಮೂವತ್ತೈದನೆಯ ದಿನ ಸೈಕಲ್ ಗಂಟೆ ಕೇಳಿಸಿತು. ಅದೇ ಗಂಟೆ, ಎಷ್ಟು ವರ್ಷ ನನ್ನ ಅಂಗಡಿಯ ಮುಂದೆ ಬಾರಿಸಿದ್ದು. ಒಳಗಿನಿಂದ ಕೇಳಿದಾಗ ಅದು ಹೊಟ್ಟೆಯಲ್ಲಿ ಬಾರಿಸುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಹೋಗುವಾಗ ಆ ಪೈಲ್ವಾನನನ್ನು, ಆ ಕಂಡಕ್ಟರನನ್ನು ನೆನೆದೆ. ಅವರ ಹೆಸರು ಏನಿತ್ತು ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಅಷ್ಟರಲ್ಲಿ ಗಿರಣಿಯಲ್ಲಿ ದ್ಯಾಮವ್ವನ ಎಣಿಕೆ ಮತ್ತೆ ಮೂವತ್ತೊಂಬತ್ತಕ್ಕೆ ಬಂದಿತ್ತು. ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ನೀಲವ್ವನಿಗೆ ನಾನು ತಿಳಿಯಹೇಳಿದೆ. ನಾಳೆ ಅವಳಿಗೆ ರಜೆ ಕೊಡದಿದ್ದರೆ ನಾಡಿದ್ದು ಗಿರಣಿ ಅವಳದು, ನಾವಿಬ್ಬರೂ ಬೆಂಚಿನ ಮೇಲೆ ಎಂದು. ಅವಳು ರೊಟ್ಟಿ ತಿರುವಿ ಹಾಕಿ, ಆಕಿ ಇಲ್ಲಂದ್ರ ನನಗೂ ಬ್ಯಾಸರ ಬರ್ತೈತಿ, ಹೆಸರು ಹೋದ್ರ ಹೋಗ್ಲಿ ಎಂದಳು. ನಾನು ಹಣೆ ಚಚ್ಚಿಕೊಂಡೆ. ಒಂದು ದಿನ ಕಳೆದು ಮರು ಬೆಳಗ್ಗೆ ಊರಿಗೆ ಊರೇ ಬೋರ್ಡಿನ ಕೆಳಗೆ ನೆರೆದಿತ್ತು. ನೀಲವ್ವನ ಹೆಸರು ಇದ್ದಲ್ಲೇ ಇತ್ತು, ಆದರೆ ಅಕ್ಷರಗಳು ಬಸ್ಸಿನ ಸೀಟಿನಲ್ಲಿ ಸರಿದು ಜಾಗ ಕೊಟ್ಟವರ ಹಾಗೆ ಸಣ್ಣಗಾಗಿ ಎಡಕ್ಕೆ ಒತ್ತಿಕೊಂಡಿದ್ದವು. ಪಕ್ಕದಲ್ಲಿ ದ್ಯಾಮವ್ವ ಎಂದು ಬರೆದಿತ್ತು. ಬೋರ್ಡು ಎರಡು ಹೆಸರು ಹಿಡಿಯುತ್ತದೆ ಎಂದು ಈ ಊರಿಗೆ ಅವತ್ತೇ ತಿಳಿದದ್ದು. ಹೇಗೆ ತಿಳಿಯಬೇಕು? ಜೊತೆಗೆ ನಿಂತು ದುಡಿದ ಯಜಮಾನರು ನಮ್ಮಲ್ಲಿ ಎಲ್ಲಿದ್ದರು, ಎಲ್ಲರೂ ಕುರ್ಚಿಯವರೇ. ಸೈಕಲ್ ಅಂಗಡಿಯ ಈರಸಂಗಪ್ಪ ಬೋರ್ಡನ್ನು ನೋಡಿ ನೋಡಿ ಅಲ್ಲಿಯೇ ಅಳಲು ಶುರು ಮಾಡಿದ.

ಹಬ್ಬಗಳ ತಿಂಗಳು ಬಂತು. ಇಬ್ಬರಿಗೆ ಕೈ ಸಾಲದಾಗಿ ನೀಲವ್ವ ಆಳು ಕೇಳಲು ಕೇಂದ್ರಕ್ಕೆ ಬಂದಳು. ಬೆಂಚಿನ ತುದಿಯಲ್ಲಿ ನಾನಿದ್ದೆ. ಇವರನ್ನು ಬಿಟ್ಟು ಮುಂದಿನವರನ್ನು ಕಳಿಸಿರಿ ಎಂದಳು. ಸರದಿ ಅಂದ್ರ ಸರದಿ ಅಕ್ಕಾರ, ಗಂಡ ಇರಲಿ ಗವರ್ನರ್ ಇರಲಿ ಎಂದ ಫಕೀರಪ್ಪ. ಹಾಗೆ ನಾನು ಅವನ ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಕೂತು ನನ್ನ ಗಿರಣಿಗೆ ನಾನೇ ನೋಡೋ ದಿನಕ್ಕೆ ಹೋದೆ. ಮೊದಲು ಯಂತ್ರದ ಮೇಲೆ ಕೈ ಇಟ್ಟು ನಿಲ್ಲಿರಿ ಎಂದಳು ದ್ಯಾಮವ್ವ. ನಿಂತೆ. ಹತ್ತು ದಿನಕ್ಕೆ ಕಿವಿಗೆ ಜೋಳದ ಸದ್ದು ಸಿಕ್ಕಿತು, ಇಪ್ಪತ್ತಕ್ಕೆ ಸಜ್ಜೆಯದು. ಡಬ್ಬಿ ಎತ್ತಿ ಎತ್ತಿ ನಡು ನೆಟ್ಟಗಾಯಿತು, ಆ ನೋವು ಕುರ್ಚಿಯದೇ ಇತ್ತೋ ಏನೋ. ಮೂವತ್ತೈದನೆಯ ದಿನ ಫಕೀರಪ್ಪನ ಗಂಟೆ ಕೇಳಿ ನನ್ನ ಕೈಯಿಂದ ಸೇರು ಜಾರಿತು. ನೀಲವ್ವ ಹೊರಗೆ ಹೋಗಿ, ಇನ್ನಾ ನಾಲ್ಕು ದಿನ ಇರಲಿ ಎಂದು ಅವನನ್ನು ಕಳಿಸಿಬಿಟ್ಟಳು. ನನಗೆ ಎಷ್ಟು ಖುಷಿಯಾಯಿತೆಂದರೆ, ಅವತ್ತು ಒಬ್ಬ ಮುದುಕಿಯ ನುಚ್ಚನ್ನು ಮನೆಯ ತನಕ ಹೊತ್ತು ಕೊಟ್ಟು ಬಂದೆ.

ಆದರೆ ಬಾಗಿಲ ಹಿಂದೆ ಯಾರೋ ಹೊಸ ಗೆರೆ ಎಳೆಯುತ್ತಿದ್ದರು. ನಾನೂ ಎಣಿಸುತ್ತಿದ್ದೆ. ಮೂವತ್ತೊಂಬತ್ತನೆಯ ಗೆರೆ ಬಿದ್ದ ಸಂಜೆ ಯಂತ್ರ ನಿಂತಿತು. ನಾನು ರೆಪ್ಪೆಯ ಮೇಲಿನ ಹಿಟ್ಟು ಒರೆಸಿಕೊಳ್ಳುತ್ತಿದ್ದೆ. ನೀಲವ್ವ ಬಂದು ಎದುರಿಗೆ ನಿಂತಳು.

"ನಾಳಿ ಬರಬ್ಯಾಡ್ರಿ. ನಿಮ್ಮ ಅಕ್ಕನ ಊರಿಗೆ ಹೋಗಿ ಬರ್ರಿ."

ಗೊತ್ತಿದ್ದ ಮಾತೇ. ಇದನ್ನು ನಾನೇ ಹೇಳಿ ಬಿಟ್ಟದ್ದು. ಆದರೂ ನನ್ನ ಬಾಯಿಂದ ನನಗೆ ತಿಳಿಯದ ಹಾಗೆ ಹೊರಬಿತ್ತು. "ನಾ ಏನ್ ತಪ್ಪು ಮಾಡೀನಿ?"

ನೀಲವ್ವ ಪಕ್ಕಕ್ಕೆ ತಿರುಗಿದಳು. ದ್ಯಾಮವ್ವ ಜರಡಿ ಕೆಳಗಿಟ್ಟು ಕೈ ಕೊಡವಿಕೊಂಡು ಮುಂದೆ ಬಂದಳು.

"ಏನೂ ತಪ್ಪಿಲ್ರಿ, ಅಣ್ಣಾರ. ಛಲೋ ಮಾಡೀರಿ. ಅದಕ್ಕ."

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಅದೇ ನನಗೆ ಜಾಸ್ತಿ ನಾಟಿತು. ಎರಡು ಸೇರು ಹಿಟ್ಟು ಕಟ್ಟಿಕೊಟ್ಟಳು. ತೆಗೆದುಕೊಂಡೆ. ತಪ್ಪಾಯಿತು ದ್ಯಾಮವ್ವ ಎಂದೆ. ಅದನ್ನು ಹೇಳಲು ನನಗೆ ನೂರಕ್ಕಿಂತ ಹೆಚ್ಚು ದಿನ ಬೇಕಾಗಿದ್ದವು. ಅವಳು ತಲೆ ಆಡಿಸಿ, ನಾಡದು ಲಗೂನ ಬರ್ರಿ, ಶಾವಿಗಿ ಗೋಧಿ ಬರ್ತಾವ ಎಂದಳು. ಹೊರಗೆ ಬಂದು ಒಮ್ಮೆ ಬೋರ್ಡು ನೋಡಿದೆ. ಎರಡು ಹೆಸರುಗಳ ಬಲಕ್ಕೆ ಇನ್ನೂ ಗೇಣಿನಷ್ಟು ಜಾಗ ಉಳಿದಿತ್ತು. ನನ್ನ ಹೆಸರು ನಾಲ್ಕೇ ಅಕ್ಷರ, ಸಣ್ಣಗೆ ಬರೆದರೆ ಹಿಡಿಸುತ್ತದೆ.

ಮರುದಿನ ಮಧ್ಯಾಹ್ನ ಅಕ್ಕ ಆ ಹಿಟ್ಟಿನಲ್ಲೇ ರೊಟ್ಟಿ ಮಾಡಿದಳು. ಹಂಚಿನ ಮೇಲೆ ರೊಟ್ಟಿ ಪುರಿಯ ಹಾಗೆ ಉಬ್ಬಿತು. ಇಂಥ ಹಿಟ್ಟು ಬಿದ್ದು ಎಷ್ಟು ವರ್ಷ ಆಯಿತು, ಆ ದ್ಯಾಮವ್ವನ ಕೈಗುಣ ಭಾರಿ ಎಂದು ಹೊಗಳಿದಳು. ಇದು ನಾನು ಬೀಸಿದ್ದು ಎಂದೆ. ಅಕ್ಕ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, ಉಣ್ಣುವಾಗ ಸುಳ್ಳು ಹೇಳಬಾರದು ಎಂದು ಗದರಿದಳು. ನಾನು ರೊಟ್ಟಿ ಮುರಿದೆ. ಎರಡು ದಿನ ಇದ್ದು ಹೋಗು ಎಂದು ಅವಳು ಹಟ ಹಿಡಿದರೂ ಸಂಜೆಯ ಬಸ್ಸಿಗೇ ಹೊರಟೆ. ನಾಳೆ ನನಗೆ ಒಂದನೆಯ ದಿನ.